ಕೆತ್ತಿದ ಅಕ್ಷರ ಮತ್ತು ಹುಣಸೆಹಣ್ಣು

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಅಟ್ಟದ ಪಾತ್ರೆಗಳನ್ನೆಲ್ಲ ಇಳಿಸಿ ಸಾಲಾಗಿ ಇಟ್ಟರೆ ಅರ್ಧ ವಂಶಾವಳಿಯನ್ನು ಓದಿಬಿಡಬಹುದು. ಮದುವೆಗೆ ಮುಯ್ಯಿಯಾಗಿ ಬಂದ ಕೊಳಗ, ಗೃಹಪ್ರವೇಶದಲ್ಲಿ ಬಂದ ಹಂಡೆ, ಸೀಮಂತಕ್ಕೆ ತವರಿನವರು ಕೊಟ್ಟ ಬೆಳ್ಳಿ ಬಟ್ಟಲು, ಹೀಗೆ ಒಂದೊಂದರ ಕಂಠದ ಮೇಲೂ ಕೊಟ್ಟವರ ಹೆಸರು, ಊರು, ತಾರೀಖು ಕೆತ್ತಿರುತ್ತದೆ. ಮುಯ್ಯಿಯ ಲೆಕ್ಕ ಮರೆಯದಿರಲೆಂದೂ, ಊರಿನ ಇನ್ನೊಬ್ಬರ ಮನೆಯ ಊಟಕ್ಕೆ ಎರವಲು ಹೋದ ಪಾತ್ರೆ ತಪ್ಪದೆ ಮನೆಗೆ ಹಿಂದಿರುಗಲೆಂದೂ ಹಾಕಿಸಿದ ಹೆಸರುಗಳಿವು. ಈ ಪಾತ್ರೆಗಳನ್ನು ನೋಡುವಾಗಲೆಲ್ಲ ಒಂದು ವಿಚಿತ್ರ ನನ್ನನ್ನು ಕಾಡುತ್ತದೆ. ಬಚ್ಚಲ ಒಲೆಯ ಮೇಲೆ ದಶಕಗಟ್ಟಲೆ ಹೊಗೆ ಕುಡಿದು, ಆಮೇಲೆ ಯಾರಿಗೂ ಬೇಡವಾಗಿ ಮೂಲೆ ಸೇರಿದ ತಾಮ್ರದ ಹಂಡೆಯ ಮೇಲಿನ ಅಕ್ಷರಗಳು ಇವತ್ತಿಗೂ ನಿಚ್ಚಳವಾಗಿವೆ. ಪ್ರತಿ ಶುಕ್ರವಾರ ತಪ್ಪದೆ ಬೆಳಗಿಸಿಕೊಂಡು ದೇವರ ಮುಂದೆ ಕೂರುವ ಹಿತ್ತಾಳೆ ತಂಬಿಗೆಯ ಮೇಲೆ ಮಾತ್ರ ಹೆಸರು ಎಲ್ಲಿತ್ತೆಂಬುದನ್ನು ಬೆರಳಿನಿಂದ ತಡವಿ ಹುಡುಕಬೇಕು. ಯಾವುದನ್ನು ಹೆಚ್ಚು ಜೋಪಾನ ಮಾಡಿದೆವೋ ಅದರ ಬರಹವೇ ಮೊದಲು ಅಳಿದಿದೆ.

ಕಾರಣ ಬಹಳ ಸರಳ, ಆದರೆ ಪಾತ್ರೆ ತೊಳೆಯುವ ಹೊತ್ತಿನಲ್ಲಿ ಯಾರಿಗೂ ಹೊಳೆಯುವಂಥದ್ದಲ್ಲ. ಕೆತ್ತಿದ ಅಕ್ಷರವೆಂದರೆ ಒಂದು ತಗ್ಗು. ಅದನ್ನು ನಾವು ಓದುವುದು ಆ ತಗ್ಗಿನಲ್ಲಿ ಬೀಳುವ ನೆರಳಿನಿಂದ. ಒರಟಾದ ಪುಡಿ ಹಾಕಿ ಉಜ್ಜಿದಾಗ ಸವೆಯುವುದು ತಗ್ಗಿನ ತಳವಲ್ಲ, ಅದರ ಅಂಚು. ಅಂಚು ದುಂಡಗಾಗುತ್ತ ಹೋದಂತೆ ನೆರಳು ತೆಳ್ಳಗಾಗುತ್ತದೆ, ಸುತ್ತಲಿನ ಲೋಹ ಹೆಚ್ಚು ಹೊಳೆದಷ್ಟೂ ಕಣ್ಣಿಗೆ ಅಕ್ಷರ ಇನ್ನಷ್ಟು ಮಂಕಾಗುತ್ತದೆ. ತಗ್ಗಿನೊಳಗೆ ಕುಳಿತಿದ್ದ ಕಪ್ಪನ್ನೂ ಹಟ ಹಿಡಿದು ತೆಗೆದುಬಿಟ್ಟರೆ, ಅಕ್ಷರವನ್ನು ಎತ್ತಿ ತೋರಿಸುತ್ತಿದ್ದ ಕಡೆಯ ಆಸರೆಯೂ ಹೋದಂತಾಯಿತು. ಹಾಗಾಗಿ ಕೆತ್ತನೆಯಿರುವ ಯಾವ ವಸ್ತುವನ್ನು ಕೈಗೆತ್ತಿಕೊಂಡರೂ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ತಗ್ಗಿನಲ್ಲಿ ಇರುವುದು ಕೊಳೆಯೋ, ಬರಹದ ಭಾಗವೋ? ಹಿತ್ತಾಳೆ, ಬೆಳ್ಳಿ, ಬಿದ್ರಿ, ಓಲೆಗರಿ, ಕಲ್ಲು, ಒಂದೊಂದೂ ಈ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಡುತ್ತದೆ. ಒಂದರ ಉತ್ತರವನ್ನು ಇನ್ನೊಂದಕ್ಕೆ ಹಚ್ಚಿದಾಗಲೇ ಹಾನಿಯಾಗುವುದು.

ಹುಳಿ ಬೇರೆ, ಪುಡಿ ಬೇರೆ

ನಮ್ಮ ದೊಡ್ಡಮ್ಮ ಹಬ್ಬದ ಹಿಂದಿನ ದಿನ ಬಾವಿಕಟ್ಟೆಯ ಬಳಿ ಪಾತ್ರೆಗಳನ್ನು ಎರಡು ರಾಶಿ ಮಾಡುತ್ತಿದ್ದರು. ಅಡುಗೆಯ ಮಸಿ ಹಿಡಿದವು ಒಂದು ಕಡೆ. ಅವಕ್ಕೆ ಇಟ್ಟಿಗೆ ಪುಡಿ, ತೆಂಗಿನ ನಾರು. ದೇವರ ಮನೆಯವೂ ಹೆಸರು ಹಾಕಿಸಿದವೂ ಇನ್ನೊಂದು ಕಡೆ. ಅವಕ್ಕೆ ನೆನೆಸಿದ ಹುಣಸೆಹಣ್ಣು ಮಾತ್ರ, ಅದೂ ಬರಿಗೈಯಲ್ಲಿ. ಅಕ್ಕ ಆತುರಕ್ಕೆ ನಾರು ಎತ್ತಿಕೊಂಡರೆ, "ಹೆಸರಿರೋ ಕಡೆ ನಾರು ತಾಗಿಸಬೇಡ ಕಣೇ, ಅಂಗೈಯಲ್ಲೇ ಉಜ್ಜು" ಎನ್ನುತ್ತಿದ್ದರು. ಹುಣಸೆಯ ಸಿಪ್ಪೆಯನ್ನು ಪಾತ್ರೆಯ ಮೈಗೆಲ್ಲ ಸವರಿ, ಬಣ್ಣ ತಿರುಗಿದ ಕೂಡಲೇ ಬಾವಿಯ ನೀರು ಸುರಿದು, ಹಳೆಯ ಪಂಚೆಯ ತುಂಡಿನಿಂದ ಒರೆಸಿ, ಬಿಸಿಲಿಗೆ ಬೋರಲು ಹಾಕಿದರೆ ಕೆಲಸ ಮುಗಿಯಿತು. ಬೋರಲು ಹಾಕುವ ಮೊದಲು ಅಕ್ಷರಗಳ ಮೇಲೆ ಬಟ್ಟೆಯನ್ನು ಇನ್ನೊಮ್ಮೆ ಒತ್ತಿ ಹಿಡಿಯುವುದನ್ನು ಅವರು ಎಂದೂ ಬಿಡುತ್ತಿರಲಿಲ್ಲ.

ಆ ಕ್ರಮದ ಹಿಂದಿರುವ ರಸಾಯನಶಾಸ್ತ್ರ ನನಗೆ ಅರ್ಥವಾದದ್ದು ಎಷ್ಟೋ ಕಾಲದ ಮೇಲೆ. ಹಿತ್ತಾಳೆ ತಾಮ್ರ ಮತ್ತು ಸತುವಿನ ಮಿಶ್ರಲೋಹ. ಅದರ ಮೇಲೆ ಕೂರುವ ಕಂದು ಪದರವನ್ನು ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ಕರಗಿಸುತ್ತದೆ. ಅಷ್ಟು ಹೊತ್ತಿಗೆ ತೊಳೆದುಬಿಟ್ಟರೆ ಕೆಳಗಿನ ಲೋಹಕ್ಕೆ ಹೆಚ್ಚೇನೂ ಆಗುವುದಿಲ್ಲ. ಪುಡಿಯಾದರೋ ಪದರವನ್ನೂ ಲೋಹವನ್ನೂ ಭೇದವಿಲ್ಲದೆ ಕೆರೆಯುತ್ತದೆ. ಹಾಗೆಂದು ಹುಳಿಯಲ್ಲೇ ರಾತ್ರಿಯಿಡೀ ನೆನೆಹಾಕುವುದೂ ಸಲ್ಲದು. ಆಮ್ಲಕ್ಕೆ ತಾಮ್ರಕ್ಕಿಂತ ಸತು ಬೇಗ ಸಿಗುತ್ತದೆ. ಸತು ಬಿಟ್ಟುಹೋದ ಕಡೆಯಲ್ಲಿ ಕೆಂಪು ಕೆಂಪು ಮಚ್ಚೆಗಳು ಏಳುತ್ತವೆ, ಅವು ಮತ್ತೆ ಹಳದಿಗೆ ತಿರುಗುವುದಿಲ್ಲ. ಹುಣಸೆಯ ಜೊತೆ ಉಪ್ಪು ಬೆರೆಸುವ ಅಭ್ಯಾಸವುಳ್ಳವರು ಇನ್ನೂ ಒಂದನ್ನು ಗಮನಿಸಬೇಕು. ನುಣುಪಾದ ಮೈಯಿಂದ ಉಪ್ಪುನೀರು ಇಳಿದುಹೋಗುತ್ತದೆ, ಅಕ್ಷರದ ತಗ್ಗಿನಲ್ಲಿ ಉಳಿಯುತ್ತದೆ. ಕೆಲವು ವಾರಗಳ ಮೇಲೆ ಅಲ್ಲಿಂದಲೇ ಹಸಿರು ಕಿಲುಬು ಹೊರಡುತ್ತದೆ. ಆ ಕಿಲುಬು ನಿಸ್ಸಂದೇಹವಾಗಿ ಕೊಳೆ, ಅದನ್ನು ತೆಗೆಯಲೇಬೇಕು. ಬೆಚ್ಚನೆಯ ನೀರು, ಒಂದು ತೊಟ್ಟು ಸೋಪು, ಮೆದುವಾದ ಹಳೆಯ ಹಲ್ಲುಜ್ಜುವ ಬ್ರಷ್ ಸಾಮಾನ್ಯವಾಗಿ ಸಾಕಾಗುತ್ತದೆ. ತಗ್ಗಿನ ಕಂದುಗಪ್ಪನ್ನು ಮಾತ್ರ ನಾನು ಬಿಟ್ಟುಬಿಡುತ್ತೇನೆ. ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ತೊಳೆಯುವವರಿಗೆ ಇನ್ನೊಂದು ಕಾಟವೂ ಉಂಟು: ಗಡಸು ನೀರು ಒಣಗಿದ ಮೇಲೆ ಅಕ್ಷರದೊಳಗೆ ಬಿಳಿಯ ಸುಣ್ಣದ ಗೆರೆ ಬಿಡುತ್ತದೆ. ಕೊನೆಯ ಚೊಂಬನ್ನು ಫಿಲ್ಟರ್ ನೀರಿನದ್ದಾಗಿ ಮಾಡಿಕೊಂಡರೆ ಅದು ತಪ್ಪುತ್ತದೆ.

ಬೆಳ್ಳಿಯ ವಿಷಯ ಸ್ವಲ್ಪ ಬೇರೆ. ಅದು ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದ ಅಂಶದಿಂದ. ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡಾ, ಕುದಿಯುವ ನೀರು ಇವುಗಳಲ್ಲಿ ಮುಳುಗಿಸುವ ವಿಧಾನ ಈಗ ಎಲ್ಲರಿಗೂ ಗೊತ್ತು. ಅದರಲ್ಲಿ ಗಂಧಕ ಅಲ್ಯೂಮಿನಿಯಂ ಕಡೆಗೆ ಹೋಗುತ್ತದೆ, ಬೆಳ್ಳಿ ಪಾತ್ರೆಯಲ್ಲೇ ಉಳಿಯುತ್ತದೆ; ಈ ದೃಷ್ಟಿಯಿಂದ ಅದು ಉಜ್ಜುವುದಕ್ಕಿಂತ ಎಷ್ಟೋ ಮೇಲು. ಆದರೆ ಅದಕ್ಕೆ ಆಯ್ಕೆ ಮಾಡುವುದು ಗೊತ್ತಿಲ್ಲ. ಕುಂಕುಮ ಭರಣಿಯ ಹೂಬಳ್ಳಿಯ ಸಂದಿನಲ್ಲಿ ಅಕ್ಕಸಾಲಿಗರು ಬೇಕೆಂದೇ ಕೂರಿಸಿದ ಕಪ್ಪನ್ನೂ ಅದು ಒಯ್ಯುತ್ತದೆ, ಹೊರಬಂದ ಭರಣಿ ಸುಣ್ಣ ಹೊಡೆದ ಗೋಡೆಯ ಬಣ್ಣಕ್ಕಿರುತ್ತದೆ. ಹೆಸರಿರುವ ಬೆಳ್ಳಿಗೆ ನನ್ನ ಮಟ್ಟಿಗೆ ವಿಭೂತಿಯೇ ಸರಿ: ಒಣ ಹತ್ತಿಯಲ್ಲಿ ಚಿಟಿಕೆಯಷ್ಟು ತೆಗೆದುಕೊಂಡು ಮೈಯನ್ನಷ್ಟೇ ಹಗುರವಾಗಿ ಒರೆಸಿ, ಅಕ್ಷರದ ಒಳಗೆ ಕೈ ಹಾಕದೆ ಬಿಡುವುದು. ಅಂಗಡಿಯಲ್ಲಿ ಚಕ್ರಕ್ಕೆ ಕೊಟ್ಟು ಪಾಲಿಶ್ ಮಾಡಿಸುವುದನ್ನು ಮಾತ್ರ ನಾನು ಯಾರಿಗೂ ಹೇಳಲಾರೆ. ತೆಳುವಾಗಿ ಗೀರಿದ ಹೆಸರು ಒಂದೆರಡು ಸಲದ ಪಾಲಿಶಿಗೇ ಮಾಯವಾಗುತ್ತದೆ. ಬೆಳ್ಳಿಯ ಡಬ್ಬಿಗೆ ರಬ್ಬರ್ ಬ್ಯಾಂಡ್ ಹಾಕಿಡಬಾರದು, ಉಣ್ಣೆಯ ಬಟ್ಟೆಯಲ್ಲಿ ಸುತ್ತಿಡಬಾರದು. ಎರಡರಲ್ಲೂ ಗಂಧಕವಿದೆ, ರಬ್ಬರ್ ತಾಗಿದ ಕಡೆ ಕಪ್ಪು ಗೆರೆಯೇ ಮೂಡುತ್ತದೆ.

ಕಪ್ಪೇ ಬಂಡವಾಳವಾದ ಕಡೆ

ಬೀದರಿನ ಚೌಬಾರದ ಹತ್ತಿರದ ಓಣಿಯೊಂದರಲ್ಲಿ ಬಿದ್ರಿ ಕೆಲಸಗಾರರೊಬ್ಬರ ಅಂಗಡಿಯಲ್ಲಿ ನಾನು ಒಂದು ಮಧ್ಯಾಹ್ನ ಕುಳಿತಿದ್ದೆ. ಎರಕದಿಂದ ಬಂದ ಹೂದಾನಿ ಅವರ ಮುಂದಿತ್ತು. ಬಿದ್ರಿಯ ಲೋಹದಲ್ಲಿ ಹೆಚ್ಚಿನ ಪಾಲು ಸತು, ತಾಮ್ರ ಕೆಲವೇ ಭಾಗ. ಅದಕ್ಕೆ ಅವರು ಮೈಲುತುತ್ತದ ನೀರು ಸವರಿದರು. ಬೂದು ಮೈ ತಾತ್ಕಾಲಿಕವಾಗಿ ಕಪ್ಪಾಯಿತು, ಅದರ ಮೇಲೆ ಗೀರಿದ ಗೆರೆ ಬೆಳ್ಳಗೆ ಎದ್ದು ಕಾಣತೊಡಗಿತು. ಅಳತೆಗೋಲು, ನಕ್ಷೆ ಏನೂ ಇಲ್ಲದೆ ಬಳ್ಳಿಯನ್ನು ಬರೆದು, ಪುಟ್ಟ ಉಳಿಯಿಂದ ಆ ಗೆರೆಗಳನ್ನು ಕೊರೆದು ಕಾಲುವೆ ಮಾಡಿ, ಅದರೊಳಗೆ ಬೆಳ್ಳಿ ತಂತಿಯನ್ನು ಸುತ್ತಿಗೆಯಿಂದ ಕೂರಿಸುತ್ತ ಹೋದರು. ಮೈಯೆಲ್ಲ ಅರದಿಂದ ಸಮಮಾಡಿದ ಮೇಲೆ ಬೆಳ್ಳಿಯಾವುದು ಸತುವಾವುದು ಎಂದು ಗೊತ್ತಾಗದಷ್ಟು ಎಲ್ಲ ಒಂದೇ ಬೂದು. ಕೊನೆಯ ಹಂತಕ್ಕೆ ಬೇಕಾದದ್ದು ಬೀದರ ಕೋಟೆಯ ಮಣ್ಣು, ಅದೂ ಎಷ್ಟೋ ಕಾಲ ಬಿಸಿಲು ಮಳೆ ಕಾಣದ ಜಾಗದ್ದು. ಅವರು ಒಂದು ಚಿಟಿಕೆಯನ್ನು ನಾಲಿಗೆಯ ತುದಿಗೆ ಇಟ್ಟು ರುಚಿ ನೋಡಿ, ಸರಿಯಿದೆ ಎಂಬಂತೆ ತಲೆಯಾಡಿಸಿದರು. ಮಣ್ಣನ್ನೂ ನವಸಾಗರವನ್ನೂ ನೀರಿನಲ್ಲಿ ಕುದಿಸಿ, ಬೆಚ್ಚಗೆ ಮಾಡಿದ ಹೂದಾನಿಗೆ ಅದನ್ನು ಹಚ್ಚಿದಾಗ ಸತುವಿನ ಮೈ ನೋಡನೋಡುತ್ತಿದ್ದಂತೆ ಕಡುಗಪ್ಪಾಯಿತು. ಬೆಳ್ಳಿಯ ಬಳ್ಳಿ ಒಂದಿಷ್ಟೂ ಬಣ್ಣಗೆಡದೆ ಹಾಗೆಯೇ ಉಳಿಯಿತು. ನಮ್ಮೂರಿನಲ್ಲಿ ಕಲಾಯಿಯವನು ಹಿತ್ತಾಳೆ ಪಾತ್ರೆಯ ಒಳಮೈ ಬೆಳ್ಳಗೆ ಮಾಡಲು ಎರಚುವುದೂ ಇದೇ ನವಸಾಗರವನ್ನೇ!

ಅಷ್ಟರಲ್ಲಿ ಗಿರಾಕಿಯೊಬ್ಬರು ಚೀಲದಿಂದ ಹಳೆಯ ಬಿದ್ರಿ ತಟ್ಟೆಯೊಂದನ್ನು ತೆಗೆದು ಮುಂದಿಟ್ಟರು. ಯಾವುದೋ ಸನ್ಮಾನದಲ್ಲಿ ಬಂದದ್ದಂತೆ. ಕಪ್ಪಿರಬೇಕಾದ ಕಡೆಯೆಲ್ಲ ಬೂದುಬಿಳಿ, ಬೆಳ್ಳಿಯ ಗೆರೆಗಳು ಅದರಲ್ಲಿ ಕರಗಿಹೋಗಿದ್ದವು. ಕೆಲಸಗಾರರು ಅದನ್ನು ಬೆಳಕಿಗೆ ಹಿಡಿದು, "ಇದನ್ನ ಹುಣಸಿಹಣ್ಣು ಹಾಕಿ ತಿಕ್ಕೀರೇನ್ರಿ? ಹಂಗ ತಿಕ್ಕಬಾರದ್ರಿ ಸಾಹೇಬ್ರ. ಒಣ ಅರಿವಿಲೆ ಒರಸ್ರಿ, ವರ್ಷಕ್ಕ ಒಂದೆರಡು ಸಲ ಒಂದ್ ಹನಿ ಕೊಬ್ಬರಿ ಎಣ್ಣಿ ಹಚ್ರಿ, ಮುಗೀತು" ಎಂದರು. ಸರಿಪಡಿಸಬಹುದೇ ಎಂದು ಕೇಳಿದ್ದಕ್ಕೆ, ಮಾಡಬಹುದು, ಆದರೆ ಮೈಯನ್ನು ಮತ್ತೆ ಸವರಿ ಸಮಮಾಡಿಯೇ ಮಣ್ಣು ಹಚ್ಚಬೇಕು, ಹಾಗೆ ಮಾಡಿದ ಪ್ರತಿ ಸಲವೂ ಬೆಳ್ಳಿ ತೆಳ್ಳಗಾಗುತ್ತದೆ ಎಂದು ವಿವರಿಸಿದರು. ಬಿದ್ರಿಗೆ ಹುಳಿಯೂ ಪುಡಿಯೂ ಒಂದೇ, ಎರಡೂ ಶತ್ರುಗಳೇ.

2023ರಲ್ಲಿ ಬೀದರಿನ ಷಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದ ಮೇಲೆ ಬಿದ್ರಿಯ ಹೆಸರು ಇನ್ನಷ್ಟು ಮನೆಗಳಿಗೆ ತಲುಪಿದೆ. ಸಮಾರಂಭಗಳಲ್ಲಿ ಬಿದ್ರಿಯ ನೆನಪಿನ ಕಾಣಿಕೆ ಕೊಡುವ ರೂಢಿಯಂತೂ ಮೊದಲಿನಿಂದಲೂ ಇದೆ. ಅವುಗಳ ಪೀಠಕ್ಕೆ ಸನ್ಮಾನಿತರ ಹೆಸರು ಕೆತ್ತಿದ ಒಂದು ಹಿತ್ತಾಳೆ ಪಟ್ಟಿಯನ್ನು ಅಂಟಿಸಿರುತ್ತಾರೆ, ತೊಂದರೆ ಶುರುವಾಗುವುದು ಅಲ್ಲೇ. ಪಟ್ಟಿ ಮಂಕಾಯಿತೆಂದು ಪಾಲಿಶ್ ಹಚ್ಚಿದರೆ ಅದು ಪಕ್ಕದ ಕಪ್ಪಿಗೂ ತಾಗುತ್ತದೆ. ಬಿದ್ರಿಗೆಂದು ಎಣ್ಣೆ ಸವರಿದರೆ ಪಟ್ಟಿಯ ಅಕ್ಷರಗಳಲ್ಲಿ ಧೂಳು ಹಿಡಿಯುತ್ತದೆ. ಎರಡು ವಸ್ತು ಒಂದರೊಳಗೊಂದು ಸೇರಿದ್ದಾಗ ಹೆಚ್ಚು ನಾಜೂಕಾದದ್ದಕ್ಕೆ ಏನು ಒಗ್ಗುತ್ತದೋ ಅಷ್ಟನ್ನೇ ಮಾಡುವುದು, ಅಂದರೆ ಇಲ್ಲಿ ಒಣಬಟ್ಟೆಯಿಂದ ಒರೆಸಿ ಹಿತ್ತಾಳೆಯನ್ನು ಅದರ ಪಾಡಿಗೆ ಮಂಕಾಗಲು ಬಿಡುವುದು, ಕ್ಷೇಮವೆಂದು ನನಗೆ ತೋರುತ್ತದೆ.

ಮಸಿ ತುಂಬಿದ ಗೀರು

ಓಲೆಗರಿಯ ಬರಹವೂ ಕೆತ್ತನೆಯೇ ಎಂಬುದನ್ನು ನಾವು ಸುಲಭವಾಗಿ ಮರೆಯುತ್ತೇವೆ. ಹದಮಾಡಿದ ಗರಿಯ ಮೇಲೆ ಕಂಟದಿಂದ, ಅಂದರೆ ಚೂಪು ಮೊನೆಯ ಲೋಹದ ಕಡ್ಡಿಯಿಂದ, ಗೀರಿದಾಗ ಅಕ್ಷರ ಬಿದ್ದಿರುತ್ತದೆ, ಕಾಣುವುದಿಲ್ಲ. ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಇಡೀ ಗರಿಗೆ ಬಳಿದು ಒರೆಸಿಬಿಟ್ಟಾಗ, ಮೈಮೇಲಿನ ಮಸಿ ಹೋಗಿ ಗೀರಿನೊಳಗಿನದು ಉಳಿಯುತ್ತದೆ, ಆಗಷ್ಟೇ ಓದು ಸಾಧ್ಯ. ಇಲ್ಲಿ ತಗ್ಗಿನಲ್ಲಿರುವ ಕಪ್ಪು ಬರಹದ ಭಾಗವಷ್ಟೇ ಅಲ್ಲ, ಓದುವವರ ಪಾಲಿಗೆ ಪೂರ್ತಿ ಬರಹವೇ ಅದು. 1891ರಲ್ಲಿ ಸ್ಥಾಪನೆಯಾದ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ, ಅಂದರೆ ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ, ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದ್ದು ಇಂಥ ಗರಿಗಳ ಕಟ್ಟಿನಲ್ಲೇ.

ಗರಿಗೆ ಬೇಕಾದ ಆರೈಕೆಯಲ್ಲಿ ಒಂದು ತಮಾಷೆಯಿದೆ. ಹಳೆಯ ಲಿಪಿಕಾರರು ಗ್ರಂಥದ ಕೊನೆಯಲ್ಲಿ ಬರೆಯುತ್ತಿದ್ದ ಒಂದು ಪ್ರಸಿದ್ಧ ಸಂಸ್ಕೃತ ಶ್ಲೋಕದಲ್ಲಿ ಪುಸ್ತಕವೇ ಮಾತನಾಡಿ, ನನ್ನನ್ನು ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲ ಕಟ್ಟಿನಿಂದ ಕಾಪಾಡು, ಮೂರ್ಖನ ಕೈಗೆ ಕೊಡಬೇಡ ಎಂದು ಬೇಡಿಕೊಳ್ಳುತ್ತದೆ. ಓಲೆಗರಿಯನ್ನು ಇಂದು ಸಂರಕ್ಷಿಸುವವರು ಮೊದಲು ಕೈಗೆತ್ತಿಕೊಳ್ಳುವುದು ಎಣ್ಣೆಯನ್ನೇ! ಒಣಗಿ ಸೆಡೆತ ಗರಿಗೆ ಮಜ್ಜಿಗೆಹುಲ್ಲಿನ ಎಣ್ಣೆಯನ್ನು ತೆಳ್ಳಗೆ ಸವರಿದರೆ ಅದು ಬಾಗುವ ಗುಣವನ್ನು ಮರಳಿ ಪಡೆಯುತ್ತದೆ, ಅದರ ವಾಸನೆಗೆ ಹುಳುಗಳೂ ದೂರವಿರುತ್ತವೆ. ಹೆಚ್ಚಾದರೆ ಮಾತ್ರ ಶ್ಲೋಕದ ಮಾತೇ ನಿಜವಾಗುತ್ತದೆ. ಜಿಡ್ಡಿಗೆ ಧೂಳು ಮೆತ್ತಿ, ಗರಿಗೆ ಗರಿ ಅಂಟಿಕೊಂಡು, ಬಿಡಿಸುವಾಗ ಮೇಲ್ಪದರವೇ ಕಿತ್ತು ಬರುತ್ತದೆ. ಮನೆಯಲ್ಲಿ ಹಳೆಯ ಕಟ್ಟು ಸಿಕ್ಕರೆ ಎಣ್ಣೆಯ ಪ್ರಯೋಗವನ್ನು ತಾವೇ ಮಾಡುವುದಕ್ಕಿಂತ, ಮೇಲೆ ಕೆಳಗೆ ಹಲಗೆಯಿಟ್ಟು, ದಾರವನ್ನು ಹದವಾಗಿ ಬಿಗಿದು, ಶುಭ್ರವಾದ ಹತ್ತಿ ಬಟ್ಟೆಯಲ್ಲಿ ಸುತ್ತಿ, ತಿಳಿದವರ ಬಳಿಗೆ ಒಯ್ಯುವುದೇ ಲೇಸು. ಒದ್ದೆ ಬಟ್ಟೆಯಿಂದ ಒರೆಸುವ ಆಸೆಯನ್ನಂತೂ ಬಿಟ್ಟುಬಿಡಬೇಕು.

ಪೂಜೆಗೊಂಡ ಕಲ್ಲು

ಕಲ್ಲಿನ ಮೇಲಿನ ಅಕ್ಷರಕ್ಕೆ ಯಾವ ಆರೈಕೆಯೂ ಬೇಡ ಎಂದು ನಂಬುವುದು ಸಹಜ. ಆದರೆ ಕಲ್ಲುಗಳಲ್ಲೂ ಜಾತಿಗಳಿವೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಗ್ರಾನೈಟ್ ಬಂಡೆಯ ಶಾಸನಗಳು ಯಾತ್ರಿಕರ ಕಾಲ್ತುಳಿತವನ್ನೂ ತಾಳಿಕೊಂಡು ನಿಂತಿವೆ. ಬಾದಾಮಿಯ ಮರಳುಗಲ್ಲು ಹಾಗಲ್ಲ. ನೀರು ಒಳಗಿಳಿದು, ಲವಣಗಳು ಮೇಲ್ಮೈಯ ಹಿಂದೆ ಹರಳುಗಟ್ಟಿ, ಪದರವೇ ಕಳಚಿ ಬೀಳುವ ಗುಣ ಅಂಥ ಕಲ್ಲಿಗಿದೆ. ಆ ಪದರದ ಮೇಲೆ ಅಕ್ಷರವಿದ್ದರೆ ಅದೂ ಹೋಯಿತು. ಉಸಿರಾಡುವ ಕಲ್ಲಿಗೆ ಎನಾಮಲ್ ಬಣ್ಣ ಬಳಿದಾಗ, ಸಿಮೆಂಟು ಮೆತ್ತಿದಾಗ, ತೇವ ಹೊರಬರಲು ದಾರಿಯಿಲ್ಲದೆ ಈ ಕಳಚುವಿಕೆ ಇನ್ನಷ್ಟು ಬೇಗ ನಡೆಯುತ್ತದೆ.

ನನ್ನ ಪರಿಚಯದ ಹಳ್ಳಿಯೊಂದರಲ್ಲಿ ಗುಡಿಯ ಪಕ್ಕದ ಶಾಸನಕ್ಕೆ ವರ್ಷಾವಧಿ ಎಣ್ಣೆ, ಅರಿಸಿನ, ಕುಂಕುಮ ಏರುತ್ತವೆ. ಜಾತ್ರೆಗೆ ಮುಂಚೆ ಅಕ್ಷರಗಳಿಗೆ ಬಂಗಾರದ ಬಣ್ಣವನ್ನೂ ಹಾಕುತ್ತಾರೆ. ಬಣ್ಣ ಹಾಕುವವನಿಗೆ ಹಳಗನ್ನಡದ ಲಿಪಿ ಬಾರದ ಕಾರಣ, ಅವನ ಕುಂಚ ಹೋದ ದಾರಿಯೇ ಅಕ್ಷರವಾಗಿಬಿಟ್ಟಿದೆ. ಇದನ್ನು ಕಂಡು ಶಾಸನದ ಆಸಕ್ತರು ಸಿಟ್ಟಾಗುವುದು ನನಗೆ ಅರ್ಥವಾಗುತ್ತದೆ, ಆದರೆ ಆ ಸಿಟ್ಟಿನಲ್ಲಿ ನಾನು ಪೂರ್ತಿ ಪಾಲುದಾರನಲ್ಲ. ಅದೇ ಊರಿನಲ್ಲಿ ಪೂಜೆಯಿಲ್ಲದ ಇನ್ನೊಂದು ಬರಹದ ಕಲ್ಲು ಕಾಲುವೆಗೆ ಹಾಸಾಗಿ ಬಿದ್ದಿದೆ. ಬಟ್ಟೆ ಒಗೆಯುವ ಕಲ್ಲಾದ ವೀರಗಲ್ಲುಗಳನ್ನು ನಾಡಿನುದ್ದಕ್ಕೂ ನೋಡಬಹುದು. ಎಣ್ಣೆಯ ಜಿಡ್ಡಿನೊಳಗಾದರೂ ಆ ಶಾಸನ ಉಳಿದಿರುವುದು ಅದು ದೇವರಾದದ್ದರಿಂದ. ಪೂಜೆ ನಿಲ್ಲಿಸಿ ಎನ್ನುವುದಕ್ಕಿಂತ, ದೀಪ ಮುಂದಿರಲಿ, ಕುಂಕುಮ ಪಾದದಲ್ಲಿರಲಿ, ಬರಹದ ಮೇಲೆ ಹೂವು ಮಾತ್ರ ಸಾಕು ಎಂದು ಅರ್ಚಕರ ಹತ್ತಿರ ಕುಳಿತು ಮಾತನಾಡುವುದು ಹೆಚ್ಚು ಫಲ ಕೊಡುತ್ತದೆ. ಅಲ್ಲಿನ ಅರ್ಚಕರು ಎಣ್ಣೆ ನಿಲ್ಲಿಸಲು ಒಪ್ಪಿದರು, ಬಂಗಾರದ ಬಣ್ಣದ ವಿಷಯ ಗ್ರಾಮಸ್ಥರಿಗೆ ಬಿಟ್ಟದ್ದೆಂದರು.

ನಿಜವಾಗಿ ನನಗೆ ಹೆಚ್ಚು ಬೇಸರ ತರಿಸುವವರು ಓದಲೆಂದು ಬರುವವರು. ಅಕ್ಷರ ಕಾಣಲಿಲ್ಲವೆಂದು ಮೈದಾ ಹಿಟ್ಟು ತಿಕ್ಕುತ್ತಾರೆ, ಫೋಟೋ ತೆಗೆದು ಹೊರಟುಹೋಗುತ್ತಾರೆ. ಹಿಟ್ಟು ತಗ್ಗಿನಲ್ಲೇ ಉಳಿದು ಇರುವೆಗೂ ಬೂಷ್ಟಿಗೂ ಆಹಾರವಾಗುತ್ತದೆ. ಕಲ್ಲುಹೂವನ್ನು ತಂತಿಯ ಬ್ರಷ್ಷಿನಿಂದ ಕೆರೆಯುವವರೂ ಇದ್ದಾರೆ. ಬೆಳೆದ ಕಲ್ಲುಹೂವು ಕಲ್ಲಿನ ಕಣಗಳನ್ನು ಹಿಡಿದುಕೊಂಡಿರುವುದರಿಂದ ಅಕ್ಷರದ ಅಂಚೂ ಅದರ ಜೊತೆ ಕಿತ್ತು ಬರುತ್ತದೆ. ಓದಲು ಬೇಕಾದದ್ದು ಓರೆಬೆಳಕು. ಸಂಜೆಯ ಇಳಿಬಿಸಿಲಲ್ಲಿ ಅಥವಾ ಕತ್ತಲಾದ ಮೇಲೆ ಪಕ್ಕದಿಂದ ಹಿಡಿದ ಟಾರ್ಚಿನ ಬೆಳಕಿನಲ್ಲಿ, ಮಧ್ಯಾಹ್ನ ಬರಿಯ ಕಲ್ಲಾಗಿ ಕಂಡದ್ದು ಸಾಲು ಸಾಲಾಗಿ ಎದ್ದು ನಿಲ್ಲುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ನಗರದ ಸುತ್ತಲಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುತ್ತಿರುವುದೂ ಇದೇ ತತ್ವದ ಮುಂದುವರಿಕೆ: ತಗ್ಗಿಗೆ ಏನನ್ನೂ ತುಂಬದೆ, ಬೆಳಕನ್ನು ಬೇಕಾದ ಕಡೆಯಿಂದ ಕಂಪ್ಯೂಟರಿನಲ್ಲೇ ಬೀಳಿಸಿ ಓದುವುದು.

ಉಳಿದವು

ಉಳಿದವುಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಸ್ಟೀಲ್ ಪಾತ್ರೆಯ ಮೇಲೆ ಅಂಗಡಿಯವರು ಮೆಷಿನ್ನಿನಿಂದ ಚುಕ್ಕಿ ಚುಕ್ಕಿಯಾಗಿ ಹಾಕಿಕೊಟ್ಟ ಹೆಸರು ನಮ್ಮೆಲ್ಲರಿಗಿಂತ ಹೆಚ್ಚು ಕಾಲ ಬಾಳುತ್ತದೆ. ಬ್ಲೀಚು ಮತ್ತು ಉಪ್ಪುನೀರು ನಿಂತಿರದಂತೆ ನೋಡಿಕೊಂಡರಾಯಿತು. ಗೇಟಿನ ಗ್ರಾನೈಟ್ ನಾಮಫಲಕದಲ್ಲಿ ಕಲ್ಲಿಗಿಂತ ಮೊದಲು ಸಾಯುವುದು ಅಕ್ಷರಕ್ಕೆ ತುಂಬಿದ ಬಣ್ಣ, ಅದನ್ನು ಮತ್ತೆ ತುಂಬಿಸಬಹುದು. ಅಮೃತಶಿಲೆಯಾದರೆ ನಿಂಬೆಹಣ್ಣಾಗಲಿ ಬಾತ್‌ರೂಮಿನ ಆ್ಯಸಿಡ್ಡಾಗಲಿ ಹತ್ತಿರ ಸುಳಿಯಬಾರದು, ಆಮ್ಲ ಅದನ್ನು ಕರಗಿಸುತ್ತದೆ. ಅಕ್ರಿಲಿಕ್ಕಿನ ಸ್ಮರಣಿಕೆಗೆ ಸ್ಪಿರಿಟ್ ಹಾಕಿದರೆ ಕೆತ್ತಿದ ಗೆರೆಗಳಿಂದ ಕೂದಲೆಳೆಯಂಥ ಬಿರುಕುಗಳು ಹರಡುತ್ತವೆ, ಬರಿಯ ನೀರು ಸಾಕು. ಸಾಗರ, ಸೊರಬದ ಗುಡಿಗಾರರು ಕೆತ್ತಿದ ಶ್ರೀಗಂಧಕ್ಕೆ ಎಣ್ಣೆ, ವಾರ್ನಿಷ್ ಯಾವುದೂ ಬೇಡ. ಬಿಸಿಲು ಬೀಳದ ಕಡೆ ಗಾಜಿನ ಪೆಟ್ಟಿಗೆ, ಧೂಳಿಗೆ ಒಂದು ಮೆತ್ತನೆಯ ಕುಂಚ.

ಇನ್ನು, ಮಾಸಿಹೋದ ಹೆಸರನ್ನು ಮತ್ತೆ ಕೆತ್ತಿಸಬೇಕೇ ಎಂಬುದು. ದೊಡ್ಡಮ್ಮನ ಮನೆಯ ತಂಬಿಗೆಯ ವಿಷಯದಲ್ಲಿ ಈ ಮಾತು ಹೋದ ವರ್ಷ ಬಂತು. ಪಾತ್ರೆ ಅಂಗಡಿಯವರು ಹಳೆಯ ಗೆರೆಯ ಮೇಲೆಯೇ ಮೆಷಿನ್ ಓಡಿಸಿಕೊಡುತ್ತೇವೆಂದರು. ನಾನು ಬೇಡವೆಂದೆ. ಸವೆದು ತೆಳ್ಳಗಾದ ಹಿತ್ತಾಳೆಯಲ್ಲಿ ಅದೇ ಜಾಗವನ್ನು ಮತ್ತೆ ಕೊರೆದರೆ ತೂತು ಬೀಳುವ ಭಯವಿದೆ. ಅದಲ್ಲದೆ ಚಾಣ ಹಿಡಿದು ಸುತ್ತಿಗೆಯಲ್ಲಿ ಬಡಿದು ಬರೆದವರ ಕೈಬರಹ ಮೆಷಿನ್ನಿನ ಚುಕ್ಕಿಗಳ ಕೆಳಗೆ ಇಲ್ಲವಾಗುತ್ತದೆ. ಅದರ ಬದಲು ತಂಬಿಗೆಯ ಮೇಲೆ ತೆಳು ಕಾಗದ ಬಿಗಿಹಿಡಿದು ಮೆತ್ತನೆಯ ಪೆನ್ಸಿಲ್ ಅಡ್ಡಲಾಗಿ ಆಡಿಸಿದೆವು. ಬೆರಳಿಗಷ್ಟೇ ಸಿಗುತ್ತಿದ್ದ ಹೆಸರು ಕಾಗದದಲ್ಲಿ ಬೆಳ್ಳಗೆ ಬಂತು, ಊರಿನ ಕೊನೆಯ ಎರಡು ಅಕ್ಷರ ಮಾತ್ರ ಬರಲಿಲ್ಲ. ಓದಲು ಸಿಕ್ಕಷ್ಟನ್ನು ತಂಬಿಗೆಯ ತಳದ ದಪ್ಪನೆಯ ಬಳೆಯ ಮೇಲೆ ಹೊಸದಾಗಿ ಹಾಕಿಸಲು ಈಗ ಮನೆಯವರೆಲ್ಲ ಒಪ್ಪಿದ್ದಾರೆ. ಊರು ಯಾವುದೆಂದು ತಿಳಿಯಲು ಚಿಕ್ಕಮ್ಮನಿಗೆ ಫೋನ್ ಮಾಡಬೇಕಾಗಿದೆ.